ಐವತ್ತು ಲೀಟರಿನ ಕಡಲು

ಬ್ರಿಟನ್ನಿನ ಚಾಲೆಂಜರ್ ಹಡಗು 1872ರಿಂದ 1876ರವರೆಗೆ ಸಾಗರಗಳನ್ನು ಸುತ್ತಿ ತಂದ ನೀರಿನಲ್ಲಿ 77 ಮಾದರಿಗಳನ್ನು ವಿಲಿಯಂ ಡಿಟ್ಮಾರ್ ಎಂಬ ರಸಾಯನಶಾಸ್ತ್ರಜ್ಞ ವಿಶ್ಲೇಷಿಸಿ, 1884ರಲ್ಲಿ ಫಲಿತಾಂಶ ಪ್ರಕಟಿಸಿದ. ನೀರು ಎಲ್ಲಿಯದೇ ಇರಲಿ, ಎಷ್ಟೇ ಆಳದ್ದಿರಲಿ, ಒಟ್ಟು ಉಪ್ಪಿನಂಶ ತುಸು ಏರುಪೇರಾದರೂ ಅದರೊಳಗಿನ ಸೋಡಿಯಂ, ಮೆಗ್ನೀಸಿಯಂ, ಕ್ಯಾಲ್ಸಿಯಂ, ಕ್ಲೋರೈಡ್, ಸಲ್ಫೇಟುಗಳ ಪರಸ್ಪರ ಪ್ರಮಾಣ ಬದಲಾಗುವುದಿಲ್ಲ ಎಂಬುದು ಅವನು ಕಂಡುಕೊಂಡ ಸಂಗತಿ. ತೆರೆದ ಸಾಗರದಲ್ಲಿ ಒಟ್ಟು ಉಪ್ಪು ಕೂಡ ಕಿಲೋ ನೀರಿಗೆ 35 ಗ್ರಾಮಿನ ಆಸುಪಾಸಿನಿಂದ ಹೆಚ್ಚು ದೂರ ಸರಿಯುವುದಿಲ್ಲ. ಹವಳ, ನಕ್ಷತ್ರಮೀನು ಮೊದಲಾದ ಜೀವಿಗಳು ಇಂಥ ನಿಶ್ಚಿಂತೆಯ ನೀರಿನಲ್ಲೇ ವಿಕಾಸಗೊಂಡವು. ಅವುಗಳ ಒಳಗಿನ ದ್ರವದ ಸಾಂದ್ರತೆ ಹೊರಗಿನ ನೀರಿನಷ್ಟೇ ಇರುತ್ತದೆ. ಹೊರಗೆ ಏರಿಳಿತವಾದರೆ ತಡೆದುಕೊಳ್ಳುವ ಸಲಕರಣೆಯನ್ನು ಅವು ಬೆಳೆಸಿಕೊಂಡಿಲ್ಲ, ಬೆಳೆಸಿಕೊಳ್ಳಬೇಕಾದ ಪ್ರಸಂಗವೇ ಬರಲಿಲ್ಲ. ಮನೆಯ ಮೂಲೆಯಲ್ಲಿ ಉಪ್ಪುನೀರಿನ ಅಕ್ವೇರಿಯಂ ಇಡಲು ಹೊರಟವರು ಮೀನಿನ ಬಣ್ಣವನ್ನೂ ದೀಪದ ಹೊಳಪನ್ನೂ ಚರ್ಚಿಸುವುದಕ್ಕಿಂತ ಮೊದಲು ಯೋಚಿಸಬೇಕಾದದ್ದು ಈ ಸ್ಥಿರತೆಯ ಬಗ್ಗೆ. ಕಡಲು ತನ್ನ ಗಾತ್ರದಿಂದ ಪುಕ್ಕಟೆಯಾಗಿ ಕೊಡುವ ಸ್ಥಿರತೆಯನ್ನು ಸಣ್ಣ ತೊಟ್ಟಿಯಲ್ಲಿ ಕಟ್ಟಡದ ಕೆಲಸದಿಂದ ಗಳಿಸಬೇಕು. ಆ ಕೆಲಸ ನೀರಿನಿಂದ ಶುರುವಾಗುವುದಿಲ್ಲ, ತೊಟ್ಟಿಯನ್ನು ಹೊರುವ ಸ್ಟ್ಯಾಂಡಿನಿಂದ ಶುರುವಾಗುತ್ತದೆ ಎಂಬುದು ಈ ಲೇಖನದ ವಾದ.

ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ತೊಟ್ಟಿಯನ್ನು ಉದಾಹರಣೆಗೆ ಇಟ್ಟುಕೊಳ್ಳೋಣ. ಅಂಚಿನಿಂದ ಒಂದಿಂಚಿನಷ್ಟು ಬಿಟ್ಟು ತುಂಬಿದರೆ ಸುಮಾರು 50 ಲೀಟರ್ ನೀರು ಹಿಡಿಯುತ್ತದೆ. ಸುತ್ತ ಚೌಕಟ್ಟಿಲ್ಲದ, ಗಾಜಿಗೆ ಗಾಜನ್ನೇ ಅಂಟಿಸಿದ ಇಂಥ ತೊಟ್ಟಿ ಈಗ ಎಲ್ಲರ ಮೆಚ್ಚಿನದು. ಹಿಂದೆ ಹೀಗಿರಲಿಲ್ಲ. ಲೋಹದ ಚೌಕಟ್ಟಿಗೆ ಗಾಜು ಕೂರಿಸಿ, ಸಂದಿಗೆ ಮೇಣದಂಥ ಅಂಟು ಮೆತ್ತುತ್ತಿದ್ದ ಕಾಲದಲ್ಲಿ ಉಪ್ಪುನೀರು ಆ ಲೋಹವನ್ನು ತಿಂದುಹಾಕುತ್ತಿತ್ತು. ಮನೆಯಲ್ಲಿ ಸಮುದ್ರದ ಮೀನು ಸಾಕುವುದು ಅಪರೂಪವಾಗಿದ್ದಕ್ಕೆ ಅದೂ ಒಂದು ಕಾರಣ. 1960ರ ದಶಕದಲ್ಲಿ ಸಿಲಿಕೋನ್ ಅಂಟು ಬಳಕೆಗೆ ಬಂದ ಮೇಲೆ ಬರೀ ಗಾಜಿನ ತೊಟ್ಟಿ ಸಾಧ್ಯವಾಯಿತು. ಆಮೇಲೂ ಬಹುಕಾಲ ಮೇಲೆ ಕೆಳಗೆ ಪ್ಲಾಸ್ಟಿಕ್ ಪಟ್ಟಿ ಇದ್ದೇ ಇತ್ತು. ಅದನ್ನೂ ಕಿತ್ತುಹಾಕಿದ ನೋಟವನ್ನು ಜನಪ್ರಿಯಗೊಳಿಸಿದವರಲ್ಲಿ ಜಪಾನಿನ ತಕಾಶಿ ಅಮಾನೊ ಮುಖ್ಯ, ಅವರದು ಸಿಹಿನೀರಿನ ಗಿಡಗಳ ತೊಟ್ಟಿ ಎಂಬುದು ಬೇರೆ ಮಾತು. ನೋಡಲು ಚೆಂದ ನಿಜ, ಆದರೆ ಆ ಪಟ್ಟಿ ಅಲಂಕಾರಕ್ಕೆ ಇದ್ದದ್ದಲ್ಲ. ಮೇಲಿನ ಪಟ್ಟಿ ಗಾಜು ಹೊರಕ್ಕೆ ಬಾಗದಂತೆ ಹಿಡಿಯುತ್ತಿತ್ತು. ಕೆಳಗಿನ ಪಟ್ಟಿ ತಳದ ಗಾಜನ್ನು ಸ್ಟ್ಯಾಂಡಿನಿಂದ ತುಸು ಮೇಲೆತ್ತಿ, ಭಾರವನ್ನೆಲ್ಲ ನಾಲ್ಕು ಅಂಚುಗಳಿಗೆ ಹಂಚುತ್ತಿತ್ತು. ಅವನ್ನು ತೆಗೆದುಹಾಕಿದವರು ಆ ಎರಡೂ ಹೊಣೆಯನ್ನು ಬೇರೆಯವರ ಹೆಗಲಿಗೆ ದಾಟಿಸಿದಂತಾಯಿತು: ಮೊದಲನೆಯದು ಗಾಜಿನ ದಪ್ಪಕ್ಕೆ, ಎರಡನೆಯದು ಸ್ಟ್ಯಾಂಡಿನ ಹಲಗೆಗೆ.

ದಪ್ಪದ ಲೆಕ್ಕ ಸುಲಭ. ನೀರಿನ ಒತ್ತಡ ಎತ್ತರವನ್ನು ಮಾತ್ರ ನೋಡುತ್ತದೆ, ಗಾಜಿನ ಹಿಂದೆ ಒಂದಡಿ ನೀರಿದೆಯೋ ಅರಬ್ಬೀ ಸಮುದ್ರವೇ ಇದೆಯೋ ಅದಕ್ಕೆ ಲೆಕ್ಕವಿಲ್ಲ. ನಮ್ಮ ಉದಾಹರಣೆಯ ಉದ್ದನೆಯ ಗಾಜಿನ ಮೇಲೆ ಬೀಳುವ ಒಟ್ಟು ಬಲ ಸುಮಾರು 22 ಕಿಲೋ ತೂಕದಷ್ಟು. ಎತ್ತರವನ್ನು ಎರಡರಷ್ಟು ಮಾಡಿದರೆ ಅದು ನಾಲ್ಕರಷ್ಟಾಗುತ್ತದೆ. ಗಾಜಿನ ಬಿಗುವು ದಪ್ಪದ ಘನಕ್ಕೆ ಅನುಗುಣವಾಗಿ ಏರುವುದರಿಂದ 6 ಮಿಲಿಮೀಟರಿನ ಬದಲು 8 ಮಿಲಿಮೀಟರಿನದು ಹಾಕಿದರೆ ಬಾಗುವಿಕೆ ಅರ್ಧಕ್ಕಿಂತ ಕಡಿಮೆಯಾಗುತ್ತದೆ. ಹಾಗಾಗಿ ಗಿಡ್ಡನೆಯ ತೊಟ್ಟಿ, ದಪ್ಪ ಗಾಜು. ಇಷ್ಟಕ್ಕೆ ಆ ಭಾಗ ಮುಗಿಯಿತು.

ಹಲಗೆಯ ಲೆಕ್ಕ ಹಾಗಲ್ಲ. ನೀರು 50 ಕಿಲೋ, ಗಾಜು 14, ಕಲ್ಲು ಮತ್ತು ಮರಳು ಸೇರಿದರೆ ಒಟ್ಟು 75 ಕಿಲೋ ಆಜುಬಾಜು. ಮನೆಯಲ್ಲೇ ಸ್ಟ್ಯಾಂಡ್ ಮಾಡಿಕೊಳ್ಳುವವರಿಗೆ ಇರುವ ದೊಡ್ಡ ಭಯ ಇದು ಕುಸಿದುಬಿದ್ದರೆ ಎಂಬುದು. ಆ ಭಯ ತಪ್ಪು ಜಾಗದಲ್ಲಿದೆ. ಎರಡಿಂಚು ಚೌಕದ ಒಳ್ಳೆಯ ಮರದ ಒಂದೇ ಕಾಲು, ನೆಟ್ಟಗೆ ನಿಂತಿದ್ದರೆ, ಟನ್ನುಗಟ್ಟಲೆ ಹೊರಬಲ್ಲದು. 75 ಕಿಲೋ ಎಂದರೆ ಒಬ್ಬ ಆಳು ಸ್ಟೂಲಿನ ಮೇಲೆ ಕೂತ ಹಾಗೆ. ಹೀಗೆ ಹೆದರಿದವರು ಕಾಲುಗಳನ್ನು ಇನ್ನಷ್ಟು ದಪ್ಪ ಮಾಡುತ್ತಾರೆ, ಆದರೆ ಅಡ್ಡ ಅಲುಗಾಟ ತಡೆಯುವ ಮೂಲೆಪಟ್ಟಿಯನ್ನಾಗಲಿ ಬೆನ್ನಿಗೆ ಹೊಡೆಯುವ ಹಲಗೆಯನ್ನಾಗಲಿ ಮರೆಯುತ್ತಾರೆ. ಸ್ಟ್ಯಾಂಡುಗಳು ಬೀಳುವುದು ಮೇಲಿನ ಭಾರದಿಂದಲ್ಲ, ಪಕ್ಕದಿಂದ ಯಾರಾದರೂ ಒರಗಿದಾಗ ಚೌಕ ಓರೆಯಾಗಿ. ಬೆನ್ನಿಗೆ ಒಂದು ತೆಳು ಪ್ಲೈವುಡ್ ಹಾಳೆಯನ್ನು ಅಂಟು ಹಾಕಿ ಸ್ಕ್ರೂ ಬಿಗಿದರೆ ಆ ಕಾಟ ತಪ್ಪುತ್ತದೆ.

ನಿಜವಾಗಿ ಎಚ್ಚರ ಬೇಕಾದದ್ದು ಮೇಲ್ಮೈ ಸಮತಟ್ಟಾಗಿದೆಯೇ ಎಂಬುದಕ್ಕೆ. ಇಲ್ಲಿ ಎರಡು ಬೇರೆ ಬೇರೆ ದೋಷಗಳನ್ನು ಜನ ಒಂದೇ ಎಂದುಕೊಳ್ಳುತ್ತಾರೆ. ಇಡೀ ಹಲಗೆ ಒಂದು ಪಕ್ಕಕ್ಕೆ 3 ಮಿಲಿಮೀಟರ್ ವಾಲಿದ್ದರೆ ಗಾಜಿನ ಮೇಲಿನ ಒತ್ತಡದಲ್ಲಿ ಆಗುವ ವ್ಯತ್ಯಾಸ ನೂರಕ್ಕೆ ಒಂದರಷ್ಟು. ಚೌಕಟ್ಟಿಲ್ಲದ ತೊಟ್ಟಿಯಲ್ಲಿ ನೀರಿನ ಗೆರೆಯೇ ರಸಮಟ್ಟವಾಗಿ ಆ ವಾಲನ್ನು ಬಂದವರಿಗೆಲ್ಲ ತೋರಿಸುತ್ತದೆ, ಕಣ್ಣಿಗೆ ಕಿರಿಕಿರಿ, ಅಷ್ಟೇ. ಆದರೆ ಮೂರು ಮೂಲೆ ಒಂದೇ ಮಟ್ಟದಲ್ಲಿದ್ದು ನಾಲ್ಕನೆಯದು ಒಂದೇ ಮಿಲಿಮೀಟರ್ ತಗ್ಗಿದ್ದರೂ ಸ್ಥಿತಿ ಬೇರೆ. ಆಗ ಗಾಜಿನ ಪೆಟ್ಟಿಗೆ ತಿರುಚಿಕೊಳ್ಳಲು ಹವಣಿಸುತ್ತದೆ, ಸಿಲಿಕೋನಿನ ಸಂದುಗಳು ಎಳೆತಕ್ಕೆ ಸಿಕ್ಕುತ್ತವೆ. ಗಾಜು ಅದುಮುವಿಕೆಯನ್ನು ತಾಳುತ್ತದೆ, ಎಳೆತವನ್ನು ತಾಳುವುದಿಲ್ಲ. ಯಾಕೆ ಎಂಬುದನ್ನು ಎ. ಎ. ಗ್ರಿಫಿತ್ 1921ರಲ್ಲಿ ತೋರಿಸಿಕೊಟ್ಟ: ಗಾಜಿನಲ್ಲಿ ಕಣ್ಣಿಗೆ ಕಾಣದ ಗೀರುಗಳು ಇದ್ದೇ ಇರುತ್ತವೆ, ಎಳೆತವೆಲ್ಲ ಆ ಗೀರಿನ ತುದಿಯಲ್ಲಿ ಒಟ್ಟುಗೂಡುತ್ತದೆ. ತಳದಡಿ ಸಿಕ್ಕಿಕೊಂಡ ಒಂದು ಮರಳಕಾಳು ಕೂಡ ಇದೇ ಕೆಲಸ ಮಾಡುತ್ತದೆ. ಅದಕ್ಕೇ ಚೌಕಟ್ಟಿಲ್ಲದ ತೊಟ್ಟಿಯಡಿ ತೆಳುವಾದ ಫೋಮ್ ಹಾಳೆ ಹಾಸುವುದು. ಚೌಕಟ್ಟಿನ ತೊಟ್ಟಿಗೆ ಅದೇ ಹಾಳೆ ಹಾಸಿದರೆ ತೇಲುವ ತಳದ ಗಾಜನ್ನು ಕೆಳಗಿನಿಂದ ಒತ್ತಿ ಕೇಡು ಮಾಡುತ್ತದೆ. ಫೋಮ್ ಸಣ್ಣಪುಟ್ಟ ಉಬ್ಬುತಗ್ಗನ್ನು ನುಂಗುತ್ತದೆ, ತಿರುಚಿದ ಹಲಗೆಯನ್ನು ಸರಿಮಾಡುವುದಿಲ್ಲ. ಆದ್ದರಿಂದ ರಸಮಟ್ಟವನ್ನು ಹಲಗೆಯ ನಾಲ್ಕು ಅಂಚಿಗೆ ಮಾತ್ರವಲ್ಲದೆ ಮೂಲೆಯಿಂದ ಮೂಲೆಗೂ ಎರಡು ಸಲ ಇಟ್ಟು ನೋಡಬೇಕು, ಅದೂ ತೊಟ್ಟಿ ನಿಲ್ಲುವ ಜಾಗದಲ್ಲೇ. ನಮ್ಮ ಮನೆಗಳ ನೆಲಕ್ಕೆ ತೊಳೆದ ನೀರು ಹರಿಯಲೆಂದು ಇಳಿಜಾರು ಕೊಟ್ಟಿರುವುದುಂಟು.

ಅಂಗಡಿಯಲ್ಲಿ ಸಿದ್ಧ ಸ್ಟ್ಯಾಂಡ್ ಸಿಗುವಾಗ ಈ ರಗಳೆ ಯಾಕೆ ಎನ್ನಬಹುದು. ಆಂಗಲ್ ಕಬ್ಬಿಣದ ಸಿದ್ಧ ಸ್ಟ್ಯಾಂಡುಗಳು ಹೆಚ್ಚಾಗಿ ಅಂಚಿಗೆ ಮಾತ್ರ ಆಧಾರ ಕೊಡುತ್ತವೆ, ವೆಲ್ಡಿಂಗಿನ ಬಿಸಿಗೆ ತುಸು ತಿರುಚಿಕೊಂಡಿರುವುದೂ ಅಪರೂಪವಲ್ಲ. ಬಣ್ಣ ಎದ್ದಲ್ಲಿ ಉಪ್ಪು ಹತ್ತಿ ತುಕ್ಕು ಹಿಡಿಯುತ್ತದೆ. ಮರದಪುಡಿ ಒತ್ತಿ ಮಾಡಿದ ಬೋರ್ಡಿನ ಕಪಾಟು ಒಮ್ಮೆ ನೀರು ಕುಡಿದರೆ ಉಬ್ಬುತ್ತದೆ, ಉಬ್ಬಿದ್ದು ಮತ್ತೆ ಇಳಿಯುವುದಿಲ್ಲ. ಐಎಸ್ 710 ಗುರುತಿನ ಮರೈನ್ ಪ್ಲೈವುಡ್‌ನಲ್ಲಿ ಮೇಲ್ಹಲಗೆ ಮಾಡಿಸಿ, ಕೊಯ್ದ ಅಂಚುಗಳಿಗೆಲ್ಲ ಎಪಾಕ್ಸಿಯನ್ನೋ ವಾರ್ನಿಶನ್ನೋ ಬಳಿದರೆ ಅದಕ್ಕಿಂತ ಹೆಚ್ಚು ಬಾಳುತ್ತದೆ. ಬಡಗಿಗೆ ಹೇಳಬೇಕಾದ ಒಂದೇ ಮಾತು: ಹೊಳಪಿನ ಕಡೆ ಆಮೇಲೆ ನೋಡೋಣ, ಮೊದಲು ಮೂಲೆಯಿಂದ ಮೂಲೆಗೆ ರಸಮಟ್ಟ ಇಟ್ಟು ತೋರಿಸು.

ಸ್ಟ್ಯಾಂಡು ಗಾಜನ್ನು ಅಲುಗಾಡದಂತೆ ಹಿಡಿದ ಮೇಲೆ, ನೀರನ್ನು ಅಲುಗಾಡದಂತೆ ಹಿಡಿಯುವ ಕೆಲಸ. ಮುಚ್ಚಳವಿಲ್ಲದ ತೊಟ್ಟಿಯಿಂದ ನೀರು ಆವಿಯಾಗುತ್ತದೆ, ಉಪ್ಪು ಉಳಿಯುತ್ತದೆ. 50 ಲೀಟರಿನಲ್ಲಿ ಎರಡು ಲೀಟರ್ ಹೋದರೆ 35 ಇದ್ದ ಉಪ್ಪು 36.5 ಆಗುತ್ತದೆ. ವಾರಾಂತ್ಯಕ್ಕೆ ಊರಿಗೆ ಹೋಗಿ ಬರುವಷ್ಟರಲ್ಲಿ ಇದು ಆಗಿಬಿಡಬಹುದು. ಉಪ್ಪುಗಳ ಪರಸ್ಪರ ಪ್ರಮಾಣ ಕೆಟ್ಟಿಲ್ಲವಾದ್ದರಿಂದ ಮದ್ದು ಸರಳ: ಹೋದಷ್ಟೇ ಸಿಹಿನೀರು, ಆದಷ್ಟು ಆರ್‌ಒ ನೀರು, ಹಾಕುವುದು. ಉಪ್ಪುನೀರನ್ನೇ ಮತ್ತೆ ತುಂಬಿಸುವುದು ಹೊಸಬರು ಮಾಡುವ ತಪ್ಪು. ದಿನಕ್ಕೊಮ್ಮೆ ಕೈಯಿಂದ ಹಾಕುವುದಕ್ಕಿಂತ ಮಟ್ಟ ಇಳಿದೊಡನೆ ಹನಿಹನಿಯಾಗಿ ಹಾಕುವ ಸೆನ್ಸರ್ ಪಂಪು ಒಳ್ಳೆಯದು. ದುಬಾರಿ ದೀಪಕ್ಕಿಂತ ಮೊದಲು ಹಣ ಹಾಕಬೇಕಾದದ್ದು ಇದಕ್ಕೆ. ಆವಿಯಾಗುವುದು ಬರೀ ನಷ್ಟವೂ ಅಲ್ಲ. ದಿನಕ್ಕೆ ಒಂದು ಲೀಟರ್ ಆವಿಯಾದರೆ ನೀರಿನಿಂದ ಸುಮಾರು 28 ವಾಟಿನಷ್ಟು ಶಾಖ ಹೊರಹೋಗುತ್ತದೆ, ಮಣ್ಣಿನ ಹೂಜಿಯ ನೀರು ತಣ್ಣಗಿರುವ ಹಾಗೆ. ಮೇಲೆ ಸಣ್ಣ ಫ್ಯಾನ್ ಇಟ್ಟರೆ ಬೆಂಗಳೂರಿನ ಮಾರ್ಚಿನ ಒಣಗಾಳಿಯಲ್ಲಿ ತೊಟ್ಟಿ ಚೆನ್ನಾಗಿ ತಣಿಯುತ್ತದೆ. ಅದೇ ಫ್ಯಾನು ಮಂಗಳೂರಿನ ಮೇ ತಿಂಗಳ ತೇವದ ಸೆಕೆಯಲ್ಲಿ ಅಷ್ಟು ಉಪಯೋಗಕ್ಕೆ ಬರುವುದಿಲ್ಲ. ಕಡಲ ಪಕ್ಕದ ಊರಿನಲ್ಲೇ ಕಡಲ ತೊಟ್ಟಿ ಇಡುವುದು ಕಷ್ಟವಾಗುವುದು ಹೀಗೆ. ಬಿಸಿಯಾದ ನೀರಿನಲ್ಲಿ ಆಮ್ಲಜನಕ ಕಡಿಮೆ ಕರಗುತ್ತದೆ, ಉಪ್ಪುನೀರಿನಲ್ಲಿ ಅದು ಮೊದಲೇ ಸಿಹಿನೀರಿಗಿಂತ ಐದನೇ ಒಂದು ಪಾಲು ಕಡಿಮೆ. ಕರೆಂಟು ಹೋದಾಗ ಓಡಲು ಬ್ಯಾಟರಿಯ ಗಾಳಿಪಂಪು ಇರಲೇಬೇಕು.

ಮೂರನೆಯ ಅಸ್ಥಿರತೆ ಅಮೋನಿಯಾದ್ದು. ಮೀನಿನ ಕಿವಿರಿನಿಂದ ಹೊರಬರುವ ಅಮೋನಿಯಾದಲ್ಲಿ ವಿಷವಾಗುವ ಪಾಲು ನೀರಿನ ಪಿಎಚ್ ಏರಿದಂತೆ ಏರುತ್ತದೆ, 8.2ರ ಸಮುದ್ರದ ನೀರಿನಲ್ಲಿ ಅದು 7ರ ಸಿಹಿನೀರಿಗಿಂತ ಹತ್ತು ಪಟ್ಟಿಗೂ ಹೆಚ್ಚು. ಅದನ್ನು ನೈಟ್ರೈಟಾಗಿ, ಆಮೇಲೆ ನೈಟ್ರೇಟಾಗಿ ಮಾರ್ಪಡಿಸುವ ಸೂಕ್ಷ್ಮಜೀವಿಗಳು ಕಲ್ಲಿನ ರಂಧ್ರಗಳಲ್ಲಿ ನೆಲೆಸಲು ವಾರಗಟ್ಟಲೆ ಬೇಕು. ಈ ಕೆಲಸಗಾರರಲ್ಲಿ ಒಂದನ್ನು ವಿಜ್ಞಾನಿಗಳು ಮೊದಲು ಬೇರ್ಪಡಿಸಿದ್ದು ನಡುಗಡಲಿನಿಂದಲ್ಲ, ಅಮೆರಿಕದ ಸಿಯಾಟಲ್ ನಗರದ ಅಕ್ವೇರಿಯಂನ ಒಂದು ಉಷ್ಣವಲಯದ ತೊಟ್ಟಿಯಿಂದ. 2005ರಲ್ಲಿ ಪ್ರಕಟವಾದ ಆ ನೈಟ್ರೊಸೊಪ್ಯುಮಿಲಸ್ ಮಾರಿಟಿಮಸ್ ಬ್ಯಾಕ್ಟೀರಿಯಾ ಅಲ್ಲ, ಆರ್ಕಿಯಾ ಗುಂಪಿನದು. ಅದರ ಬಂಧುಗಳು ಸಾಗರಗಳಲ್ಲೆಲ್ಲ ಯಥೇಚ್ಛವಾಗಿವೆ ಎಂದು ಆಮೇಲೆ ತಿಳಿಯಿತು. ಮೀನು ಬಿಡುವ ಮೊದಲು ತೊಟ್ಟಿಯನ್ನು ಒಂದೂವರೆ ತಿಂಗಳಾದರೂ ಖಾಲಿ ಓಡಿಸಿ, ಅಮೋನಿಯಾದ ಒಂದಿಷ್ಟು ಮೂಲವನ್ನು ಮಾತ್ರ ಕೊಟ್ಟು, ಕಾಯಬೇಕೆನ್ನುವುದು ಇವುಗಳ ಸಲುವಾಗಿ.

ಇಷ್ಟೆಲ್ಲ ಕೇಳಿದ ಮೇಲೆ ಅನುಭವಿಗಳ ಹಳೆಯ ಆಕ್ಷೇಪ ಬಲವಾಗಿ ಕಾಣುತ್ತದೆ: ಸಣ್ಣದು ಬೇಡವೇ ಬೇಡ, 300 ಲೀಟರಿನದು ಇಡಿ, ಗಾತ್ರವೇ ನಿಮ್ಮ ತಪ್ಪುಗಳನ್ನು ಮನ್ನಿಸುತ್ತದೆ. ಇದರಲ್ಲಿ ಸತ್ಯಾಂಶವಿದೆ, ಆದರೆ ಅರ್ಧ. ದೊಡ್ಡ ತೊಟ್ಟಿ ನಿಧಾನವಾಗಿ ಕೆಡುತ್ತದೆ, ಕೆಟ್ಟದ್ದನ್ನು ಸರಿಪಡಿಸುವುದೂ ಅಷ್ಟೇ ನಿಧಾನ. ಬೆಳೆಯುವ ಹವಳ ಮತ್ತು ಚಿಪ್ಪಿನ ಜೀವಿಗಳು ಕ್ಯಾಲ್ಸಿಯಂ, ಕಾರ್ಬೊನೇಟುಗಳನ್ನು ಮಾತ್ರ ಆರಿಸಿ ಹೀರುತ್ತವೆ. ಡಿಟ್ಮಾರ್ ಕಂಡ ಪ್ರಮಾಣ ಕೆಡುವುದು ಆಗ, ಸಿಹಿನೀರು ಸುರಿದು ಅದನ್ನು ಸರಿಮಾಡಲಾಗದು. 300 ಲೀಟರಿನವರು ಅದಕ್ಕೆ ರಾಸಾಯನಿಕಗಳನ್ನು ಅಳೆದು ಹಾಕುವ ಯಂತ್ರ ಕೊಳ್ಳುತ್ತಾರೆ. 50 ಲೀಟರಿನವರು ವಾರಕ್ಕೊಂದು ಸಣ್ಣ ಬಕೆಟ್, ಎಂದರೆ ಐದು ಲೀಟರ್, ಹೊಸ ಉಪ್ಪುನೀರು ಬದಲಿಸಿದರೆ ನೈಟ್ರೇಟೂ ಇಳಿಯಿತು, ಕ್ಯಾಲ್ಸಿಯಮ್ಮೂ ಸಾಕಷ್ಟು ತುಂಬಿತು. ಏನಾದರೂ ತೀರಾ ಕೆಟ್ಟರೆ ಅರ್ಧ ತೊಟ್ಟಿಯನ್ನೇ ಒಂದು ಸಂಜೆಯಲ್ಲಿ ಬದಲಿಸಬಹುದು. ಸಣ್ಣದರ ಚಂಚಲತೆಗೂ ಈ ಸಲೀಸಿಗೂ ಒಂದೇ ಕಾರಣ, ನೀರು ಕಡಿಮೆ ಎಂಬುದು. ಆದರೆ ಆವಿ, ಶಾಖ, ಅಮೋನಿಯಾ ಮೂರನ್ನೂ ಕಟ್ಟಿಹಾಕಿದವರಿಗೆ ಮಾತ್ರ ಈ ಲಾಭ ದಕ್ಕುತ್ತದೆ. ಪ್ರತಿದಿನ ಐದು ನಿಮಿಷ ನೋಡಲಾಗದವರು ಅನುಭವಿಗಳ ಮಾತನ್ನೇ ಕೇಳುವುದು ಮೇಲು.

ಕರಾವಳಿಯವರು ಉಪ್ಪಿನ ಪುಡಿಗೆ ದುಡ್ಡು ಸುರಿಯುವ ಬದಲು ಕಡಲ ನೀರನ್ನೇ ತುಂಬಿಸಬಾರದೇ? ದಡದ ನೀರು ಡಿಟ್ಮಾರ್ ಕಂಡ ನೀರಲ್ಲ. ಮಳೆಗಾಲದಲ್ಲಿ ನೇತ್ರಾವತಿ, ಗುರುಪುರ ನದಿಗಳು ಒಟ್ಟಿಗೇ ಕಡಲು ಸೇರುವ ಅಳಿವೆಯ ಸುತ್ತ ಉಪ್ಪು ತೀರ ತೆಳುವಾಗುತ್ತದೆ, ಜೊತೆಗೆ ಊರಿನ ಚರಂಡಿಯೂ ದೋಣಿಗಳ ಎಣ್ಣೆಯೂ ಇರುತ್ತವೆ. ಅಡುಗೆಯ ಉಪ್ಪು ಹಾಕಿದರೂ ನಡೆಯದು, ಅದರಲ್ಲಿರುವುದು ಹೆಚ್ಚುಕಡಿಮೆ ಸೋಡಿಯಂ ಕ್ಲೋರೈಡ್ ಒಂದೇ.

ಕೊನೆಯ ಆಕ್ಷೇಪ ನೀತಿಯದು: ಕಡಲಿನ ಜೀವಿಗಳನ್ನು ಮನೆಯ ತೊಟ್ಟಿಗೆ ತರುವುದು ಸರಿಯೇ? ಅದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ದಿಬ್ಬ ಕಟ್ಟುವ ಹವಳಗಳನ್ನು ಭಾರತ 2001ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪರಿಶಿಷ್ಟಕ್ಕೆ ಸೇರಿಸಿತು. ಮುರುಡೇಶ್ವರದ ಎದುರಿನ ನೇತ್ರಾಣಿ ದ್ವೀಪದಿಂದ ಒಂದು ತುಂಡು ಹವಳ ಕಿತ್ತು ತರುವುದು ಹುಲಿಗೆ ಕೈಹಾಕಿದಷ್ಟೇ ಅಪರಾಧ. ಹಾಗಾಗಿ ಇಲ್ಲಿಯ ತೊಟ್ಟಿಗೆ ಒಣಕಲ್ಲು ಅಥವಾ ಸೆರಾಮಿಕ್ ಕಲ್ಲೇ ಸರಿ; ಸೂಕ್ಷ್ಮಜೀವಿಗಳಿಗೆ ರಂಧ್ರವಿದ್ದರಾಯಿತು. ಮೀನಿನ ವಿಷಯದಲ್ಲೂ ಆಯ್ಕೆಯಿದೆ. ಕೇಂದ್ರ ಸಮುದ್ರ ಮೀನುಗಾರಿಕಾ ಸಂಶೋಧನಾ ಸಂಸ್ಥೆ ಕ್ಲೌನ್ ಮೀನುಗಳನ್ನು ತೊಟ್ಟಿಯಲ್ಲೇ ಮರಿಮಾಡಿಸುವ ವಿಧಾನವನ್ನು ರೂಪಿಸಿದೆ, ಅಂಥ ಮರಿಗೆ ಕಡಲಿನಿಂದ ಹಿಡಿದು ತಂದದ್ದರ ಗೋಳಿಲ್ಲ. ಮೈಲಿಗಟ್ಟಲೆ ಈಜುವ ಟ್ಯಾಂಗ್ ಜಾತಿಯದನ್ನು 50 ಲೀಟರಿನಲ್ಲಿ ಇಡುವುದು ಕ್ರೌರ್ಯ. ತನ್ನ ಬಿಲದ ಬಾಯಿ ಬಿಟ್ಟು ದೂರ ಹೋಗದ ಗೋಬಿ ಮೀನಿಗೆ ಆ ಮಾತು ಅನ್ವಯಿಸದು. ಪಿಸ್ತೂಲು ಸಿಗಡಿಯ ಜೊತೆ ಅದನ್ನಿಟ್ಟರೆ, ಕಣ್ಣು ಮಂದವಾದ ಸಿಗಡಿ ಬಿಲ ತೋಡುತ್ತದೆ, ಗೋಬಿ ಬಾಗಿಲಲ್ಲಿ ಕಾವಲಿರುತ್ತದೆ, ಸಿಗಡಿಯ ಮೀಸೆ ಸದಾ ಮೀನನ್ನು ಮುಟ್ಟಿಕೊಂಡಿರುತ್ತದೆ. ಗಾಬರಿಯಾದರೆ ಗೋಬಿ ತೊಟ್ಟಿಯ ತೆರೆದ ಬಾಯಿಂದ ಹೊರಕ್ಕೆ ನೆಗೆಯುವುದುಂಟು, ಆದ್ದರಿಂದ ನೋಟ ಕೆಟ್ಟರೂ ಸರಿ, ಮೇಲೊಂದು ತೆಳು ಬಲೆ ಬೇಕು. ಇನ್ನೊಂದು, ಸಿಗಡಿ ಕಲ್ಲಿನ ಬುಡದ ಮರಳನ್ನೂ ಬಿಡದೆ ತೋಡುವುದರಿಂದ ಮರಳಿನ ಮೇಲೆ ಪೇರಿಸಿದ ಕಲ್ಲು ಒಂದು ರಾತ್ರಿ ಜಾರಿ ಗಾಜಿಗೆ ಬಡಿಯಬಹುದು. ಕಲ್ಲನ್ನು ಮೊದಲು ಅಗಲವಾದ ತಳ ಕೆಳಗಾಗಿ ನೇರ ಗಾಜಿನ ಮೇಲೆ ಕೂರಿಸಿ, ಒಂದಕ್ಕೊಂದು ಅಂಟಿಸಿ, ಮರಳನ್ನು ಆಮೇಲೆ ಸುತ್ತ ಸುರಿಯಬೇಕು.