ಬ್ಲೇಡಿನಲ್ಲಿ ಕತ್ತರಿಸಿ ಅಂಟಿಸಿದ ಆಲ್ಬಂ

ಕ್ಯಾಸೆಟ್ಟಿನ ಕಾಲದವರಿಗೆ ಇದು ನೆನಪಿರುತ್ತದೆ. ಟೇಪು ಪ್ಲೇಯರಿನ ಹೊಟ್ಟೆಯೊಳಗೆ ಸಿಕ್ಕಿ ತುಂಡಾದರೆ, ನಜ್ಜುಗುಜ್ಜಾದ ಭಾಗವನ್ನು ಕತ್ತರಿಸಿ ಎಸೆದು, ಎರಡೂ ತುದಿ ಸೇರಿಸಿ ಸೆಲ್ಲೋಟೇಪು ಅಂಟಿಸಿ, ಪೆನ್ಸಿಲು ತೂರಿಸಿ ಸುತ್ತುತ್ತಿದ್ದೆವು. ಆಮೇಲೆ ಆ ಜಾಗ ಬಂದಾಗಲೆಲ್ಲ ಹಾಡು ಮುಗ್ಗರಿಸುತ್ತಿತ್ತು. ಪಿಂಕ್ ಫ್ಲಾಯ್ಡ್ ತಂಡದ ‘ದ ಡಾರ್ಕ್ ಸೈಡ್ ಆಫ್ ದ ಮೂನ್’ ಆಲ್ಬಮ್ಮಿನ ಅರ್ಧ ಕಸುಬು ಇದೇ, ಕತ್ತರಿಸುವುದು, ಅಂಟಿಸುವುದು. ಆದರೆ ಅಲ್ಲಿ ಹಾಡು ಎಲ್ಲೂ ಮುಗ್ಗರಿಸುವುದಿಲ್ಲ.

ಈ ಆಲ್ಬಮ್ಮಿಗೆ ಬಾಹ್ಯಾಕಾಶದ ಸಂಗೀತ, ಯಂತ್ರದ ಸಂಗೀತ ಎಂಬ ಹೆಸರು ಅಂಟಿಕೊಂಡಿದೆ. ನನಗಂತೂ ಅದು ಬಡಗಿಯ ಕೆಲಸದ ಹಾಗೆ ಕೇಳಿಸುತ್ತದೆ. ರೋಜರ್ ವಾಟರ್ಸ್, ಡೇವಿಡ್ ಗಿಲ್ಮೋರ್, ರಿಚರ್ಡ್ ರೈಟ್, ನಿಕ್ ಮೇಸನ್, ಈ ನಾಲ್ವರು ಮೊದಲು ಇಡೀ ಕೃತಿಯನ್ನು ವೇದಿಕೆಗಳಲ್ಲಿ ನುಡಿಸಿ ಪಳಗಿಸಿದರು. 1972ರ ಮೇ ಕೊನೆಗೆ ಲಂಡನ್ನಿನ ಆಬಿ ರೋಡ್‌ನಲ್ಲಿದ್ದ ಇಎಂಐ ಸ್ಟುಡಿಯೋ ಹೊಕ್ಕರು. ನಡುನಡುವೆ ಊರೂರು ತಿರುಗಿ ಕಛೇರಿ ಕೊಡುತ್ತಲೇ 1973ರ ಫೆಬ್ರವರಿ ಹೊತ್ತಿಗೆ ಕೆಲಸ ಮುಗಿಸಿದರು.

‘ಮನಿ’ ಹಾಡಿನ ಆರಂಭವನ್ನೇ ನೋಡಿ. ಚಿಲ್ಲರೆ ಝಣಗುಡುತ್ತದೆ, ಕಾಗದ ಹರಿಯುತ್ತದೆ, ಅಂಗಡಿಯ ಗಲ್ಲಾಯಂತ್ರ ಠಣ್ಣೆನ್ನುತ್ತದೆ. ಹೀಗೆ ಏಳು ಸದ್ದು, ಅದೇ ಸರದಿಯಲ್ಲಿ ಮತ್ತೆ ಮತ್ತೆ. ನಾಣ್ಯದ ಸದ್ದಿಗಾಗಿ ವಾಟರ್ಸ್ ತಮ್ಮ ಹೆಂಡತಿ ಮಣ್ಣಿನ ಪಾತ್ರೆ ಮಾಡುವಾಗ ಬಳಸುತ್ತಿದ್ದ ಬಟ್ಟಲಿಗೆ ಚಿಲ್ಲರೆ ಎಸೆದು ಧ್ವನಿಮುದ್ರಿಸಿಕೊಂಡಿದ್ದರು. ಈಗಿನಂತೆ ಪರದೆಯ ಮೇಲೆ ಸದ್ದನ್ನು ಎಳೆದು ಕೂರಿಸುವ ಕಾಲವಲ್ಲ ಅದು. ಸದ್ದು ಎಂದರೆ ಕೈಯಲ್ಲಿ ಹಿಡಿಯಬಹುದಾದ ಪಟ್ಟಿ. ಸೆಕೆಂಡಿಗೆ 15 ಇಂಚು ಓಡುವ ಟೇಪಿನಲ್ಲಿ ಅರ್ಧ ಸೆಕೆಂಡಿನ ಸದ್ದೆಂದರೆ ಏಳೂವರೆ ಇಂಚು. ಹಾಗಾಗಿ ತಾಳ ಹಾಕುವ ಕೆಲಸ ಇಲ್ಲಿ ಅಳತೆಪಟ್ಟಿಯದು. ಏಳು ಸದ್ದಿನ ಏಳು ತುಂಡುಗಳನ್ನು ಒಂದೇ ಅಳತೆಗೆ ಕತ್ತರಿಸಿ, ಸಾಲಾಗಿ ಅಂಟಿಸಿ, ಕೊನೆಯ ತುದಿಯನ್ನು ಮೊದಲ ತುದಿಗೆ ಸೇರಿಸಿದರೆ ಅದೊಂದು ಬಳೆ. ಸ್ಟುಡಿಯೋದವರ ಮಾತಿನಲ್ಲಿ ಲೂಪು. ಆ ಬಳೆ ರೀಲಿನಲ್ಲಿ ಕೂರುವುದಿಲ್ಲ. ಯಂತ್ರದಿಂದ ಹೊರಗೆ ತೆಗೆದು, ಮೈಕಿನ ಸ್ಟ್ಯಾಂಡಿಗೆ ಸುತ್ತು ಹಾಕಿ, ಜೋಲದ ಹಾಗೆ ಬಿಗಿಹಿಡಿದು ಓಡಿಸಬೇಕು.

ಟೇಪನ್ನು ನೇರಕ್ಕೆ ಕೊಯ್ದರೆ ಬೆಸೆದಲ್ಲಿ ಟಕ್ ಎನ್ನುವ ಅಪಾಯವಿದೆ. ಅದಕ್ಕೇ ಬ್ಲೇಡನ್ನು ಓರೆಯಾಗಿ ಎಳೆಯುತ್ತಾರೆ. ಆಗ ಒಂದು ಸದ್ದು ಮುಗಿಯುತ್ತಿದ್ದಂತೆ ಇನ್ನೊಂದು ನುಸುಳಿಕೊಳ್ಳುತ್ತದೆ. ಬಡಗಿ ಎರಡು ಹಲಗೆಗಳ ಅಂಚನ್ನು ಓರೆಯಾಗಿ ಕೊಯ್ದು ಕೂಡಿಸುವುದೂ ಹೀಗೆಯೇ.

ಏಳು ಸದ್ದಾದ್ದರಿಂದ ಹಾಡೂ ಏಳೆಣಿಕೆಯದು. ನಾಲ್ಕರ ಲೆಕ್ಕದಲ್ಲೇ ಬೆಳೆದ ರಾಕ್ ಕಿವಿಗೆ ಇದು ಸೊಟ್ಟ ನಡಿಗೆ. ಮಿಶ್ರಛಾಪು ಕೇಳಿ ಬೆಳೆದ ನಮ್ಮವರಿಗೆ ಅಷ್ಟು ವಿಚಿತ್ರವೆನಿಸಲಿಕ್ಕಿಲ್ಲ. ಒಳಗಿನ ವಿಂಗಡಣೆ ತಕಿಟ ತಕಧಿಮಿಯದಲ್ಲ, ನಿಜ. ಆದರೂ ತೊಡೆ ತಟ್ಟುತ್ತ ಕೂತರೆ ನಾಲ್ಕು ಸುತ್ತಿನೊಳಗೆ ಕೈಗೆ ಹತ್ತುತ್ತದೆ. ಗಿಲ್ಮೋರ್ ಗಿಟಾರಿನ ಸರದಿ ಬಂದಾಗ ಮಾತ್ರ ಹಾಡು ನಾಲ್ಕಕ್ಕೆ ಹೊರಳುತ್ತದೆ. ಓಣಿಯಿಂದ ಹೆದ್ದಾರಿಗೆ ಬಂದಂತೆ.

ಈ ಟೇಪಿನ ನಂಟು ಕೈಕೊಟ್ಟದ್ದೂ ಉಂಟು. 1972ರ ಜನವರಿಯಲ್ಲಿ ಬ್ರೈಟನ್‌ನಲ್ಲಿ ಕೃತಿಯನ್ನು ಮೊದಲ ಸಲ ನುಡಿಸಿದಾಗ ‘ಮನಿ’ ಹೊತ್ತಿಗೆ ಯಂತ್ರಗಳ ತೊಂದರೆಯಿಂದ ಅರ್ಧಕ್ಕೇ ನಿಲ್ಲಿಸಬೇಕಾಯಿತು.

‘ಟೈಮ್’ ಹಾಡಿನ ಗಡಿಯಾರಗಳದೂ ಇದೇ ಜಾತಿಯ ತಾಳ್ಮೆ. ಎಂಜಿನಿಯರ್ ಆಲನ್ ಪಾರ್ಸನ್ಸ್ ಬೇರೊಂದು ಪ್ರಯೋಗಕ್ಕೆಂದು ಗಡಿಯಾರದಂಗಡಿಗೆ ಹೋಗಿ ಒಂದೊಂದರ ಸದ್ದನ್ನೂ ಬಿಡಿಬಿಡಿಯಾಗಿ ಹಿಡಿದು ತಂದಿದ್ದರು. ಎಲ್ಲವೂ ಒಟ್ಟಿಗೇ ಬಡಿದುಕೊಳ್ಳುವಂತೆ ಜೋಡಿಸಿದ್ದು ಸ್ಟುಡಿಯೋದಲ್ಲಿ. ‘ಆನ್ ದ ರನ್’ನ ಸಿಂಥಸೈಜರ್ ಬಗ್ಗೆ ಜನ ಬಹಳ ಹೇಳುತ್ತಾರೆ. ಎಂಟು ಸ್ವರ ಒತ್ತಿ, ವೇಗ ಏರಿಸಿದ್ದು, ಅಷ್ಟೆ. ನನಗೆ ಅದು ಬೇಗ ಹಳಸಿತು.

ಹಳಸದಿರುವುದು ಕ್ಲೇರ್ ಟೋರಿಯ ದನಿ. ‘ದ ಗ್ರೇಟ್ ಗಿಗ್ ಇನ್ ದ ಸ್ಕೈ’ ಮೊದಲು ರೈಟ್ ಅವರ ಪಿಯಾನೋ ತುಣುಕು ಮಾತ್ರವಾಗಿತ್ತು. 1973ರ ಜನವರಿಯ ಒಂದು ಭಾನುವಾರ ಇಪ್ಪತ್ತೈದರ ಈ ಗಾಯಕಿಯನ್ನು ಕರೆಸಿದರು. ಸಾಹಿತ್ಯವಿಲ್ಲ, ಹೇಳಿಕೊಟ್ಟ ರಾಗವೂ ಇಲ್ಲ. ನಮ್ಮಲ್ಲಾದರೆ ‘ಆಕಾರದಲ್ಲಿ ಆಲಾಪನೆ ಮಾಡಮ್ಮ’ ಎಂದು ಒಂದೇ ಮಾತಿನಲ್ಲಿ ಮುಗಿಯುತ್ತಿತ್ತು. ಆಕೆ ತನ್ನ ಗಂಟಲನ್ನೇ ವಾದ್ಯವೆಂದುಕೊಂಡು ಎರಡೂವರೆ ಸಲ ಹಾಡಿದರು, ಸಂಭಾವನೆ 30 ಪೌಂಡ್ ಪಡೆದು ಹೋದರು. ಇದನ್ನು ಬಳಸುತ್ತಾರೆಂಬ ನಂಬಿಕೆಯೂ ಅವರಿಗಿರಲಿಲ್ಲ. ಆ ದನಿಯೂ ಒಂದು ರಚನೆಯೇ ಎಂದು ಅವರು ಕೋರ್ಟಿಗೆ ಹೋದದ್ದು 2004ರಲ್ಲಿ. ಮರುವರ್ಷ ರಾಜಿಯಾಗಿ, ರೈಟ್ ಹೆಸರಿನ ಜೊತೆಗೆ ಅವರ ಹೆಸರೂ ಸೇರಿತು. ಕಿವಿಯಿದ್ದವರಿಗೆ ಮೊದಲೇ ಗೊತ್ತಿದ್ದ ಸಂಗತಿ.

ಹಾಡುಗಳ ಸಂದಿಯಲ್ಲಿ ಯಾರೋ ಮಾತಾಡುತ್ತಾರೆ, ನಗುತ್ತಾರೆ. ವಾಟರ್ಸ್ ಕಾರ್ಡುಗಳ ಮೇಲೆ ಸಾವು, ಹುಚ್ಚು, ಜಗಳಗಳ ಬಗ್ಗೆ ಪ್ರಶ್ನೆ ಬರೆದು, ಸ್ಟುಡಿಯೋದಲ್ಲಿ ಸಿಕ್ಕವರನ್ನೆಲ್ಲ ಕೇಳಿ, ಉತ್ತರ ಮುದ್ರಿಸಿಕೊಂಡಿದ್ದರು. ಬೀಟಲ್ಸ್‌ನ ಪಾಲ್ ಮೆಕಾರ್ಟ್ನಿ ಕೊಟ್ಟ ಉತ್ತರಗಳು ಹೊರಗುಳಿದವು. ಬಾಗಿಲು ಕಾಯುತ್ತಿದ್ದ ಜೆರಿ ಓ’ಡ್ರಿಸ್ಕಾಲ್ ಅವರ ಮಾತು ಆಲ್ಬಮ್ಮಿನ ಕಟ್ಟಕಡೆಯ ಮಾತಾಯಿತು. ಹೆಸರು ನೋಡದೆ ದನಿ ನೋಡಿ ಆರಿಸಿದ ಈ ವಿವೇಕಕ್ಕೆ ನಾನು ಮಾರುಹೋಗಿದ್ದೇನೆ.

ಹೀಗೆ ಹಾಡಿಗೆ ಹಾಡು ಬೆಸೆದುಕೊಂಡು ಹೋಗುವಾಗ ಬೆಸೆಯಲಾಗದ ಜಾಗ ಒಂದೇ. ಎಲ್‌ಪಿ ತಟ್ಟೆಗೆ ಎರಡು ಮುಖ. ಟೋರಿಯ ದನಿ ಕರಗಿ, ಪಿಯಾನೋ ನಿಧಾನವಾಗಿ ಆರಿಹೋಗುತ್ತಲೇ ಮೊದಲ ಮುಖ ಮುಗಿಯುತ್ತದೆ. ಮುಳ್ಳು ಗೀರಿನಲ್ಲಿ ಸುಮ್ಮನೆ ಸುತ್ತುತ್ತಿರುತ್ತದೆ. ಕೇಳುತ್ತ ಕೂತವರೇ ಎದ್ದು ಹೋಗಿ, ತಟ್ಟೆಯನ್ನು ಅಂಚಿನಲ್ಲಿ ಹಿಡಿದೆತ್ತಿ, ಮಗುಚಿ, ಮುಳ್ಳನ್ನು ಮತ್ತೆ ಇಳಿಸಬೇಕು. ವಾಪಸ್ ಬಂದು ಕೂರುವಷ್ಟರಲ್ಲಿ ಬಟ್ಟಲಿಗೆ ಚಿಲ್ಲರೆ ಬೀಳುತ್ತದೆ.