ಹಳೆಯ ಪುಸ್ತಕ, ಹೊಸ ಸಿನಿಮಾ: ಸಹಿ ಯಾರದ್ದು?



ನಮ್ಮೂರಿನ ಮೂವರು ಯುವಕರು ಒಂದು ಸಂಜೆ ನಮ್ಮ ಜಗಲಿಗೆ ಬಂದರು. ಕೈಯಲ್ಲಿ ನಿರಂಜನರ ‘ಚಿರಸ್ಮರಣೆ’ ಕಾದಂಬರಿ. “ಮಾವ, ಇದನ್ನು ಸಿನಿಮಾ ಮಾಡುತ್ತೇವೆ. ಪುಸ್ತಕ ಹಳೆಯದು, ಬರೆದವರೂ ಇಲ್ಲ. ಇನ್ನು ಯಾರನ್ನು ಕೇಳಬೇಕು?” ಎಂದರು. ಕ್ಯಾಮೆರಾ ಬಾಡಿಗೆಯ ಮುಂಗಡಕ್ಕೆ ಒಬ್ಬ ತಾಯಿಯ ಬಳೆ ಅಡವಿಡಲು ಹೊರಟಿದ್ದ.

ನಾನು ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವ. ಖಾತೆದಾರರು ತೀರಿಕೊಂಡರೆ ಹಣ ಕೇಳಿದವರಿಗೆಲ್ಲ ಸಿಗುವುದಿಲ್ಲ, ವಾರಸುದಾರರ ಸಹಿ ಬೇಕು. ಪುಸ್ತಕದ ಲೆಕ್ಕವೂ ಹಾಗೆಯೇ.

1957ರ ಕೃತಿಸ್ವಾಮ್ಯ ಕಾಯಿದೆಯಂತೆ, ಲೇಖಕರು ತೀರಿಕೊಂಡ ಮರುವರ್ಷದ ಜನವರಿ 1ರಿಂದ 60 ವರ್ಷ ಹಕ್ಕು ಉಳಿಯುತ್ತದೆ. ಪುಸ್ತಕದ ವಯಸ್ಸು ಇಲ್ಲಿ ಮುಖ್ಯವಲ್ಲ. ‘ಚಿರಸ್ಮರಣೆ’ 1955ರದ್ದು. ಆದರೆ ನಿರಂಜನರು ತೀರಿಕೊಂಡು ಇನ್ನೂ 60 ವರ್ಷ ಆಗಿಲ್ಲ. ಆದ್ದರಿಂದ ಅದಕ್ಕೆ ಇನ್ನೂ ಒಡೆಯರಿದ್ದಾರೆ. ನಮ್ಮ ಮಂಜೇಶ್ವರದ ಗೋವಿಂದ ಪೈಗಳು ತೀರಿಕೊಂಡದ್ದು 1963ರಲ್ಲಿ. ಅವರು ಬದುಕಿದ್ದಾಗಲೇ ಪ್ರಕಟವಾದ ‘ಹೆಬ್ಬೆರಳು’ ನಾಟಕ 2023ರ ಕೊನೆಗೆ ಹಕ್ಕಿನಿಂದ ಬಿಡುಗಡೆಯಾಯಿತು. ಅದನ್ನು ಈಗ ಯಾರು ಬೇಕಾದರೂ ಚಿತ್ರ ಮಾಡಬಹುದು.

“ಮಲಯಾಳದಲ್ಲಿ ಕಯ್ಯೂರಿನ ಸಿನಿಮಾ ಬಂದಿದೆಯಲ್ಲ?” ಎಂದ ಇನ್ನೊಬ್ಬ. ಹೌದು, ಲೆನಿನ್ ರಾಜೇಂದ್ರನ್ ಅವರ ‘ಮೀನಮಾಸತ್ತಿಲೆ ಸೂರ್ಯನ್’, 1986ರಲ್ಲಿ. ಕಯ್ಯೂರಿನ ರೈತ ಹೋರಾಟದ ನಾಲ್ವರನ್ನು 1943ರ ಮಾರ್ಚ್ 29ರಂದು ಕಣ್ಣೂರು ಜೈಲಿನಲ್ಲಿ ಗಲ್ಲಿಗೇರಿಸಿದ್ದು ಚರಿತ್ರೆ. ಚರಿತ್ರೆಗೆ ಒಡೆಯರಿಲ್ಲ. ಆದರೆ ಕಾದಂಬರಿಕಾರರು ಕಟ್ಟಿದ ಪಾತ್ರ, ಸನ್ನಿವೇಶ, ಸಂಭಾಷಣೆಗೆ ಇದ್ದಾರೆ. ಮಲಯಾಳ ಅನುವಾದದ ಮಾತುಗಳನ್ನೇ ಬಳಸುವುದಾದರೆ ಅನುವಾದದ ಹಕ್ಕುದಾರರ ಒಪ್ಪಿಗೆಯೂ ಬೇರೆಯೇ ಬೇಕು.

ಹಾಗಾದರೆ ದಾರಿ ಯಾವುದು? ಮೊದಲು ಪ್ರಕಾಶಕರಿಗೆ ಪತ್ರ ಬರೆದು ಹಕ್ಕು ಯಾರಲ್ಲಿದೆ ಎಂದು ತಿಳಿಯಿರಿ. ಅಚ್ಚಿನ ಹಕ್ಕು ಇದ್ದವರಲ್ಲಿ ಸಿನಿಮಾ ಹಕ್ಕು ಇರಲೇಬೇಕೆಂದಿಲ್ಲ. ಬೇರೆಯವರಿಗೆ ಆಗಲೇ ಕೊಟ್ಟಿದ್ದಾರೆಯೇ ಎಂದೂ ಕೇಳಿ. ವಾರಸುದಾರರು ಹಲವರಿದ್ದರೆ ಎಲ್ಲರ ಸಹಿ ಪಡೆಯಿರಿ. ಬಾಯಿಮಾತು ಸಾಲದು. ಯಾವ ಭಾಷೆ, ಎಷ್ಟು ವರ್ಷ, ಯಾವ ಪ್ರದೇಶ, ಎಷ್ಟು ಹಣ ಎಂಬುದೆಲ್ಲ ಕರಾರಿನಲ್ಲಿ ಇರಲಿ. ಹಕ್ಕು ವರ್ಗಾವಣೆಯ ಪತ್ರದಲ್ಲಿ ಅವಧಿ ಬರೆಯದಿದ್ದರೆ ಕಾನೂನು 5 ವರ್ಷವೆಂದೂ, ಪ್ರದೇಶ ಬರೆಯದಿದ್ದರೆ ಭಾರತ ಮಾತ್ರವೆಂದೂ ಎಣಿಸುತ್ತದೆ. ಬೇರೆ ಮಾತು ಬರೆದಿರದಿದ್ದರೆ, ಒಂದು ವರ್ಷದೊಳಗೆ ಬಳಸದ ಹಕ್ಕು ಬಿದ್ದುಹೋಗುತ್ತದೆ.

ಆ ರಾತ್ರಿ ಯುವಕರು ನನ್ನ ಮೇಜಿನಲ್ಲೇ ಕುಳಿತು ಪ್ರಕಾಶಕರಿಗೆ ಪತ್ರ ಬರೆದರು. ಉತ್ತರ ಬರುವವರೆಗೆ ಬಳೆ ತಾಯಿಯ ಕೈಯಲ್ಲೇ ಇರಲಿ ಎಂದು ಹೇಳಿ ಕಳುಹಿಸಿದೆ. ನಿಮಗೂ ಅದನ್ನೇ ಹೇಳುತ್ತೇನೆ.