ಕಾಡ್ಗಿಚ್ಚಿನ ಹೊಗೆಗೆ ಒದ್ದೆ ಟವಲ್, ಬೆಲ್ಲ, ಹಾಲು ಸಾಕೇ? ಫಾರ್ವರ್ಡ್ ಮಾಡುವ ಮುನ್ನ ಓದಿ

ಫೆಬ್ರವರಿ, ಮಾರ್ಚ್ ಬಂತೆಂದರೆ ಬೇಲೂರು ತಾಲ್ಲೂಕಿನ ಅರೇಹಳ್ಳಿ ಕಡೆ ಕಾಫಿ ಕೊಯ್ಲು ಮುಗಿದು ಎಲ್ಲರೂ ಹೂಮಳೆಗಾಗಿ ಕಾಯುವ ಸಮಯ. ಗುಡ್ಡದ ಹುಲ್ಲು ಒಣಗಿರುತ್ತದೆ, ತರಗೆಲೆ ಕಾಲಿಟ್ಟಲ್ಲಿ ಪುಡಿಯಾಗುತ್ತದೆ. ಎಲ್ಲೋ ಬೆಂಕಿ ಬಿದ್ದರೆ ಹೊಗೆ ಊರಿಗೂ ಬರುತ್ತದೆ. ಅದರ ಹಿಂದೆಯೇ ಮೊಬೈಲಿಗೆ ಮೆಸೇಜ್‌ಗಳೂ ಬರುತ್ತವೆ: ಮುಖಕ್ಕೆ ಒದ್ದೆ ಟವಲ್ ಕಟ್ಟಿ, ಬೆಲ್ಲ ತಿನ್ನಿ, ಬಿಸಿ ಹಾಲು ಕುಡಿಯಿರಿ, ಹೊಗೆ ಏನೂ ಮಾಡದು!

ಇದರಲ್ಲಿ ಎಷ್ಟು ನಿಜ? ಒಂದೊಂದಾಗಿ ನೋಡೋಣ.

ಹೊಗೆಯಲ್ಲಿ ಏನಿರುತ್ತದೆ?

ಕಣ್ಣಿಗೆ ಕಾಣುವ ಬೂದಿಗಿಂತ ಕಾಣದ ಕಣಗಳೇ ಹೆಚ್ಚು ಅಪಾಯಕಾರಿ. ಇವುಗಳನ್ನು ಪಿಎಂ 2.5 ಎನ್ನುತ್ತಾರೆ. ಅಂದರೆ 2.5 ಮೈಕ್ರಾನ್ ಅಥವಾ ಅದಕ್ಕಿಂತ ಚಿಕ್ಕ ಕಣಗಳು. ನಮ್ಮ ತಲೆಕೂದಲಿನ ದಪ್ಪದಲ್ಲಿ ಸುಮಾರು ಮೂವತ್ತರಲ್ಲಿ ಒಂದು ಪಾಲು! ಮೂಗಿನ ಕೂದಲು, ಗಂಟಲಿನ ಕಫ ಇವನ್ನು ಪೂರ್ತಿ ತಡೆಯಲಾರವು. ಇವು ಶ್ವಾಸಕೋಶದ ಆಳಕ್ಕೆ ಇಳಿಯುತ್ತವೆ, ಅತಿ ಸಣ್ಣವು ರಕ್ತಕ್ಕೂ ಸೇರುತ್ತವೆ. ಅದಕ್ಕೇ ಹೊಗೆಯಿಂದ ಕೆಮ್ಮು, ಆಸ್ತಮಾ ಮಾತ್ರವಲ್ಲ, ಹೃದಯದ ತೊಂದರೆಯೂ ಹೆಚ್ಚುತ್ತದೆ. 24 ಗಂಟೆಯ ಸರಾಸರಿಯಲ್ಲಿ ಒಂದು ಘನ ಮೀಟರ್ ಗಾಳಿಗೆ 15 ಮೈಕ್ರೋಗ್ರಾಂ ದಾಟಬಾರದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಭಾರತದ ಮಿತಿ 60.

"ಸೌದೆ ಹೊಗೆ ನೈಸರ್ಗಿಕ, ನಮ್ಮ ಅಜ್ಜಿ ಅದರಲ್ಲೇ ಅಡುಗೆ ಮಾಡಿದರು" ಎಂಬ ಮಾತೂ ಇದೆ. ಮರ ಸುಟ್ಟರೂ ಹುಟ್ಟುವುದು ಇದೇ ಕಣ. ಒಲೆಯ ಮುಂದೆ ವರ್ಷಗಟ್ಟಲೆ ಕೂತ ಎಷ್ಟೋ ಹೆಂಗಸರಿಗೆ ದಮ್ಮು ಬಂದದ್ದು ಅದರಿಂದಲೇ.

ಮಾತು 1: ಒದ್ದೆ ಟವಲ್ ಹೊಗೆ ತಡೆಯುತ್ತದೆ

ತಪ್ಪು. ಟವಲಿನ ನೂಲುಗಳ ನಡುವಿನ ಸಂದಿ ಈ ಕಣಗಳಿಗೆ ಹೆಬ್ಬಾಗಿಲಿದ್ದಂತೆ. ನೀರಿನಲ್ಲಿ ಅದ್ದಿದರೆ ದೊಡ್ಡ ಬೂದಿ ಒಂದಿಷ್ಟು ಅಂಟಬಹುದು, ಗಂಟಲಿಗೆ ತಂಪೆನಿಸಬಹುದು. ಅದರಿಂದಲೇ ಅಪಾಯ: ರಕ್ಷಣೆ ಸಿಕ್ಕಿತೆಂದು ನಂಬಿ ಜನ ಹೊಗೆಯಲ್ಲೇ ಕೆಲಸ ಮುಂದುವರಿಸುತ್ತಾರೆ. ಬಟ್ಟೆಯ ಮಾಸ್ಕ್, ಸರ್ಜಿಕಲ್ ಮಾಸ್ಕ್ ಕೂಡ ಅಂಚಿನಲ್ಲಿ ಸಡಿಲವಾಗಿರುವುದರಿಂದ ಹೆಚ್ಚು ಉಪಯೋಗವಿಲ್ಲ. ಮುಖಕ್ಕೆ ಸರಿಯಾಗಿ ಕೂತ ಎನ್95 ಮಾಸ್ಕ್ ಸಣ್ಣ ಕಣಗಳಲ್ಲಿ ಕನಿಷ್ಠ 95 ಶೇಕಡಾ ತಡೆಯುತ್ತದೆ. ಗಡ್ಡವಿದ್ದರೆ ಪಕ್ಕದಿಂದ ಗಾಳಿ ನುಗ್ಗುತ್ತದೆ. ಆದರೆ ಎನ್95 ಕೂಡ ಕಾರ್ಬನ್ ಮೊನಾಕ್ಸೈಡ್‌ನಂಥ ವಿಷಾನಿಲವನ್ನು ತಡೆಯದು. ಅದನ್ನು ಹಾಕಿಕೊಂಡು ಬೆಂಕಿಯ ಹತ್ತಿರ ಹೋಗುವಂತಿಲ್ಲ.

ಮಾತು 2: ಬೆಲ್ಲ, ಹಾಲು ಶ್ವಾಸಕೋಶ ತೊಳೆಯುತ್ತದೆ

ತಿಂದದ್ದು, ಕುಡಿದದ್ದು ಅನ್ನನಾಳದಲ್ಲಿ ಹೊಟ್ಟೆಗೆ ಹೋಗುತ್ತದೆ. ಹೊಗೆ ಹೋಗುವುದು ಶ್ವಾಸನಾಳದಲ್ಲಿ. ದಾರಿಯೇ ಬೇರೆ, ತೊಳೆಯುವುದು ಹೇಗೆ? ಬೆಲ್ಲದ ಮಾತಿಗೆ ಒಂದು ಮೂಲವೇನೋ ಇದೆ. 1994ರಲ್ಲಿ ಪ್ರಕಟವಾದ ಒಂದು ಭಾರತೀಯ ಅಧ್ಯಯನದಲ್ಲಿ, ಶ್ವಾಸಕೋಶಕ್ಕೆ ಧೂಳು ಸೇರಿಸಿದ ಇಲಿಗಳಿಗೆ ಬೆಲ್ಲ ಕೊಟ್ಟಾಗ ಸ್ವಲ್ಪ ಅನುಕೂಲ ಕಂಡಿತ್ತು. ಅದು ಇಲಿಗಳ ಮಾತು. ಹೊಗೆ ಕುಡಿದ ಮನುಷ್ಯರಿಗೆ ಬೆಲ್ಲ ಔಷಧಿ ಎಂದು ಅದರಿಂದ ಹೇಳಲಾಗದು. ಬೆಲ್ಲ ತಿನ್ನಿ, ಅಡ್ಡಿಯಿಲ್ಲ. ಸಕ್ಕರೆ ಕಾಯಿಲೆ ಇದ್ದವರು ಮಾತ್ರ ಈ ಮೆಸೇಜ್ ನಂಬಿ ತಿನ್ನಬೇಡಿ.

ಮಾತು 3: ಬೆಳಗಿನ ಗಾಳಿ ಶುದ್ಧ, ಆಗ ವಾಕಿಂಗ್ ಮಾಡಿ

ಹೊಗೆಯ ದಿನಗಳಲ್ಲಿ ಇದು ಹೆಚ್ಚಾಗಿ ಉಲ್ಟಾ. ಮೋಡವಿಲ್ಲದ ರಾತ್ರಿ ನೆಲ ಬೇಗ ತಣ್ಣಗಾಗುತ್ತದೆ. ತಣ್ಣನೆಯ ಭಾರದ ಗಾಳಿ ಕಣಿವೆಯಲ್ಲಿ ಕೂತುಬಿಡುತ್ತದೆ, ಹೊಗೆಯೂ ಅದರೊಳಗೆ ಸಿಕ್ಕಿಕೊಳ್ಳುತ್ತದೆ. ಬಿಸಿಲೇರಿ ಗಾಳಿ ಮೇಲೇಳುವವರೆಗೆ ಅದು ಕದಲದು. ಮಂಜು ಎಂದುಕೊಂಡದ್ದಕ್ಕೆ ಸುಟ್ಟ ವಾಸನೆ ಇದ್ದರೆ ಅದು ಬರೀ ಮಂಜಲ್ಲ.

ಮಾತು 4: ಬಿದಿರು ಉಜ್ಜಿ ಬೆಂಕಿ ತಾನಾಗಿ ಹುಟ್ಟುತ್ತದೆ

ನಮ್ಮ ಕಾಡುಗಳ ಬೆಂಕಿಯಲ್ಲಿ ಬಹುಪಾಲು ಮನುಷ್ಯರಿಂದಲೇ ಬರುವುದು. ಎಸೆದ ಬೀಡಿ, ಹೊಸ ಹುಲ್ಲು ಬರಲಿ ಎಂದು ಹಚ್ಚಿದ ಕಿಡಿ, ತೋಟದ ಅಂಚಿನಲ್ಲಿ ಸುಟ್ಟ ಕಸ. ಬೆಂಕಿ ಹಾಕಿದ ಮೇಲೆ ಹಸಿರು ಚಿಗುರುವುದು ನಿಜ. ಆದರೆ ತರಗೆಲೆಯಲ್ಲಿದ್ದ ಸಾರಜನಕ ಹೊಗೆಯಾಗಿ ಹೋಗಿರುತ್ತದೆ, ಮೊದಲ ಮಳೆಗೆ ಬೂದಿಯ ಜೊತೆ ಮಣ್ಣೂ ಕೊಚ್ಚಿಹೋಗುತ್ತದೆ. ಮೀಸಲು ಅರಣ್ಯಕ್ಕೆ ಬೆಂಕಿ ಹಚ್ಚುವುದು 1963ರ ಕರ್ನಾಟಕ ಅರಣ್ಯ ಕಾಯ್ದೆಯಡಿ ಅಪರಾಧ.

ಇದರ ಬೆಲೆ ಸಣ್ಣದಲ್ಲ. 2019ರ ಫೆಬ್ರವರಿಯಲ್ಲಿ ಬಂಡೀಪುರ ಹೊತ್ತಿದಾಗ ವಾಯುಪಡೆಯ ಹೆಲಿಕಾಪ್ಟರ್‌ಗಳು ನೀರು ಸುರಿಯಬೇಕಾಯಿತು. 2023ರ ಫೆಬ್ರವರಿಯಲ್ಲಿ ಹಾಸನ ಜಿಲ್ಲೆಯಲ್ಲೇ, ಸಕಲೇಶಪುರ ತಾಲ್ಲೂಕಿನ ಕಾಡುಮನೆ ಬಳಿ ಬೆಂಕಿ ಆರಿಸಲು ಹೋದ ಅರಣ್ಯ ಸಿಬ್ಬಂದಿಯೊಬ್ಬರು ಸುಟ್ಟ ಗಾಯಗಳಿಂದ ಪ್ರಾಣ ಕಳೆದುಕೊಂಡರು.

ಹಾಗಾದರೆ ಏನು ಮಾಡಬೇಕು?

- ಹೊಗೆ ದಟ್ಟವಾಗಿದ್ದಾಗ ಮನೆಯ ಒಂದು ಕೋಣೆಯ ಕಿಟಕಿ ಮುಚ್ಚಿ, ಅಲ್ಲೇ ಇರಿ. ಒದ್ದೆ ಟವಲಿಗೆ ಇಲ್ಲಿ ನಿಜಕ್ಕೂ ಕೆಲಸವಿದೆ: ಬಾಗಿಲ ಕೆಳಗಿನ ಸಂದಿಗೆ ಒತ್ತಿಡಿ. ಹೊರಗೆ ತಿಳಿಯಾದ ಕೂಡಲೇ ಕಿಟಕಿ ತೆರೆಯಿರಿ.
- ಆ ಹೊತ್ತಿನಲ್ಲಿ ಊದುಬತ್ತಿ, ಸೊಳ್ಳೆಬತ್ತಿ ಬೇಡ. ಸಾಧ್ಯವಾದರೆ ಸೌದೆ ಒಲೆಯೂ ಬೇಡ.
- ಲೈನ್ ಮನೆಗಳ ಹೆಂಚಿನ ಸಂದಿಯಲ್ಲಿ ಹೊಗೆ ಸುಲಭವಾಗಿ ಇಳಿಯುತ್ತದೆ. ಮಕ್ಕಳು, ಗರ್ಭಿಣಿಯರು, ವಯಸ್ಸಾದವರನ್ನು ಗಟ್ಟಿಯಾಗಿ ಮುಚ್ಚುವ ಕಟ್ಟಡಕ್ಕೆ ಕಳಿಸಿ. ತೋಟದ ಮಾಲೀಕರು ಅಂದು ಹೊರಗಿನ ಕೆಲಸ ನಿಲ್ಲಿಸುವುದು ಒಳ್ಳೆಯದು.
- ಆಸ್ತಮಾ ಇದ್ದವರು ಇನ್‌ಹೇಲರ್ ಕೈಗೆ ಸಿಗುವಂತೆ ಇಟ್ಟುಕೊಳ್ಳಿ, ಡಾಕ್ಟರ್ ಹೇಳಿದ ಔಷಧಿ ಬಿಡಬೇಡಿ.
- ಅಂಗಳದ ಬೂದಿಯನ್ನು ಒಣಗಿದ್ದಾಗಲೇ ಗುಡಿಸಬೇಡಿ. ನೀರು ಚಿಮುಕಿಸಿ ಗುಡಿಸಿ.
- ಒಂದು ವಾಕ್ಯ ಪೂರ್ತಿ ಹೇಳಲಾಗದಷ್ಟು ಏದುಸಿರು, ಎದೆನೋವು, ತುಟಿ ನೀಲಿಯಾಗುವುದು ಕಂಡರೆ ಮನೆಮದ್ದಿಗೆ ಕಾಯದೆ 108ಕ್ಕೆ ಕರೆ ಮಾಡಿ.

ಫೋಟೋ ಕಳಿಸುವ ಮುನ್ನ

ಬಂಡೀಪುರದ ಬೆಂಕಿಯ ಸಮಯದಲ್ಲಿ ಬೇರೆ ಊರಿನ ಹಳೆಯ ಫೋಟೋಗಳೂ ಬಂಡೀಪುರದ್ದೆಂದು ಓಡಾಡಿದವು. ಹಳೆಯ ಚಿತ್ರದಿಂದ ಬೆಂಕಿ ಆರುವುದಿಲ್ಲ. ಇವತ್ತಿನ ಬೆಂಕಿ ಎಲ್ಲಿದೆ ಎಂಬ ಸರಿಯಾದ ಸುದ್ದಿ ಅರಣ್ಯ ಇಲಾಖೆಗೆ ಬೇಗ ಸಿಕ್ಕರೆ ಆರುತ್ತದೆ.

ಫಾರ್ವರ್ಡ್ ಮಾಡಲೇಬೇಕು ಅನಿಸಿದರೆ ಇಷ್ಟು ಮಾಡಿ:

"ಕಾಡಿನಲ್ಲಿ ಬೆಂಕಿ ಕಂಡರೆ 1926 ಅಥವಾ 112ಕ್ಕೆ ಹೇಳಿ. ಹೊಗೆಗೆ ಟವಲ್ ಸಾಲದು, ಎನ್95 ಹಾಕಿ, ಒಳಗಿರಿ. ಉಸಿರಾಟ ಕಷ್ಟವಾದರೆ ಬೆಲ್ಲ, ಹಾಲು ಎನ್ನುತ್ತ ಕೂರಬೇಡಿ, 108 ಕರೆಯಿರಿ."